ಎಲ್ಲಿ ಬಿತ್ತು

ಬೋಟುಗಳೆಲ್ಲ ದಡ ಕಚ್ಚಿ ಮಲಗುವ ಅರವತ್ತು ದಿನ
ಬೈತಖೋಲದ ಬಲೆಮನೆಯಲ್ಲಿ
ಕೈಗೆ ಸೂಜಿ, ಬಾಯಿಗೆ ಒಂದೇ ವಿಷಯ:
ಎಲ್ಲಕ್ಕಿಂತ ದೊಡ್ಡ ಸಿಕ್ಸರು ಯಾರದು?

ಟೀವಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ.
ನೂರಾ ಹತ್ತು ಮೀಟರು ಎಂದು ಪರದೆಯಲ್ಲಿ ಬಂದರೆ
ಗಜು ತಾಂಡೇಲ ಮೂಗು ಮುರಿಯುತ್ತಾನೆ:
"ಮೀಟರಂತೆ! ಅದೇನು ಲಂಗದ ಬಟ್ಟೆಯೋ?
ಚೆಂಡು ವಾಪಸು ಬಂತೋ ಇಲ್ಲವೋ, ಅಷ್ಟು ಹೇಳು."

ಇನಾಸನದ್ದು ಬಂದಿರಲಿಲ್ಲ.
ಬಂದರಿನ ಗೋದಾಮಿನ ಹಿಂದೆ ಹೊಡೆದದ್ದು
ಹೊರಟು ನಿಂತ ಬೋಟಿನ ಐಸಿನೊಳಗೆ ಬಿತ್ತು.
ಎಂಟು ದಿನ ಬಿಟ್ಟು ಮಲ್ಪೆಯಿಂದ ಫೋನು:
"ಬಂಗಡೆಯ ನಡುವೆ ಒಂದು ಹಸಿರು ಚೆಂಡುಂಟು, ಯಾರದ್ದು?"
ಹಾಗಾದರೆ ಸಿಕ್ಸರು ಮಲ್ಪೆಯ ತನಕ
ಎಂದು ಅವನ ಕಡೆಯವರು.
ಡೀಸೆಲ್ಲು ಓಡಿದ್ದನ್ನು ಬ್ಯಾಟಿನ ಖಾತೆಗೆ ಬರೆಯುವುದು
ಯಾವ ನ್ಯಾಯ ಎಂದು ಉಳಿದವರು.
ಇದೇ ಮಾತಿಗೆ ಹೋದ ವರ್ಷ
ಇಬ್ಬರು ಭಾವಂದಿರು ಚೌತಿಯ ತನಕ ಮಾತು ಬಿಟ್ಟಿದ್ದರು.

ಹಬ್ಬುವಾಡದ ಅಶ್ಪಾಕ ಎತ್ತಿದ್ದು
ತೆಂಗಿನ ತಲೆಯಲ್ಲಿ ಸಿಕ್ಕಿ
ಕೆಳಗೆ ಬಿದ್ದದ್ದು ಒಂದು ಒಣಕಾಯಿ.
ಅದು ಬಿಡಿ.

ಕೊನೆಗೆ ಮಾತು ತಿರುಗಿ ಬರುವುದು ಕೋಡಿಬಾಗಕ್ಕೆ,
ಉಲ್ಲಾಸ ಬಾನಾವಳಿಗೆ.
ಕಾಳಿ ಸೇತುವೆಯ ಮೇಲ್ಬದಿ, ಇಳಿತದಲ್ಲಿ ಎದ್ದ ಬಯಲು,
ಎದುರು ಸದಾಶಿವಗಡದವರು, ಪಣ ಒಂದು ಚೀಲ ತಿಸ್ರೆ.
ಕೊನೆಯ ಚೆಂಡು, ಐದು ಬೇಕು,
ಸೂರ್ಯ ಎಲ್ಲರ ಕಣ್ಣೊಳಗೆ.
ದೋಣಿಯ ಆಚಾರಿ ಕೆತ್ತಿದ ಹಲಸಿನ ಬ್ಯಾಟು.
ಸದ್ದು ಗುಡ್ಡದ ಕೋಟೆಗೆ ಹೋಗಿ ತಿರುಗಿ ಬಂತು.
ಚೆಂಡು ಬರಲಿಲ್ಲ.

"ಹಳೇ ಸೇತುವೆಯ ಮೂರನೇ ಕಂಬಕ್ಕೆ ಬಡಿದು ನೀರಿಗೆ."
"ಬಡಿಯುವುದೆಲ್ಲಿ ಬಂತು, ಕಂಬದ ಮೇಲಿಂದ ಹೋಯಿತು."
"ಗೋವೆಗೆ ಹೋಗುವ ಲಾರಿಯ ತಾಡಪತ್ರಿಗೆ ಪುಟಿದು..."
ಅಳೆಯೋಣವೆಂದರೆ ಈಗ ಆ ಕಂಬ ಎಲ್ಲಿದೆ?
ಒಂದು ರಾತ್ರಿ ಹಳೇ ಸೇತುವೆಯೇ ಕಾಳಿಗೆ ಕುಸಿಯಿತು.
ಸಾಕ್ಷಿ ಮುಳುಗಿದ ಮೇಲೆ
ಸಿಕ್ಸರು ಮಳೆಗಾಲಕ್ಕೆ ಇಷ್ಟಿಷ್ಟು ಬೆಳೆಯುತ್ತಿದೆ.

ಉಲ್ಲಾಸ ಹೌದೂ ಅನ್ನ, ಅಲ್ಲವೂ ಅನ್ನ.
ಐಸ್ ಕಾರ್ಖಾನೆಯ ಗಡ್ಡೆ ಎತ್ತಿ ಎತ್ತಿ
ಅವನ ಬಲ ಭುಜ ಇಳಿದಿದೆ.
ತಾಗಿದ್ದು ಬ್ಯಾಟಿನ ತುದಿಗೋ ನಡುವಿಗೋ,
ಅವನ ಅಂಗೈಗೆ ಗೊತ್ತು.
ಚಹಾ ಕುಡಿಯುತ್ತಾನೆ. ಮೂವತ್ತೆರಡು ವರ್ಷದಲ್ಲಿ
ಅವನ ಚಹಾಕ್ಕೆ ಅವನು ದುಡ್ಡು ಕೊಟ್ಟದ್ದಿಲ್ಲ.

ನಾನು ದಾರ ಕಚ್ಚುತ್ತೇನೆ.

ಆಗ ನನಗೆ ಒಂಬತ್ತು. ಆಟಕ್ಕೆ ಸೇರಿಸಿರಲಿಲ್ಲ,
ಚೆಂಡು ತರುವ ಕೆಲಸ ಕೊಟ್ಟಿದ್ದರು.
ಎಪ್ಪತ್ತೊಂದು ಹೆಜ್ಜೆ,
ಅದೂ ಒಂಬತ್ತು ವರ್ಷದವನದ್ದು.
ಸಿಕ್ಸರು ಹೌದು. ಗೆರೆಯಿಂದ ಎರಡೇ ಮಾರು ಆಚೆ
ಬೋರಲು ಹಾಕಿದ ದೋಣಿಯ ಕೆಳಗೆ
ಏಡಿಯ ಬಿಲದ ಬಾಯಲ್ಲಿ ಕೂತಿತ್ತು,
ಹೊಚ್ಚ ಹೊಸದು, ಹದಿನೆಂಟು ರೂಪಾಯಿಯದು,
ಮೈತುಂಬ ರೋಮ.
ಚಡ್ಡಿಯ ಜೇಬಿಗೆ ತುರುಕಿ, ಅಂಗಿ ಇಳಿಬಿಟ್ಟು
"ನೀರಿಗೆ ಹೋಯ್ತು!" ಎಂದು ಕೂಗಿದೆ.
ಉಲ್ಲಾಸನನ್ನು ಹೆಗಲಿಗೇರಿಸಿದರು.
ನಾನೂ ಹಿಂದೆ ಹಿಂದೆ ಕುಣಿಯುತ್ತ ಹೋದೆ,
ಒಂದು ಕೈ ತೊಡೆಗೆ ಒತ್ತಿಕೊಂಡು.

ಕದ್ದ ಚೆಂಡನ್ನು ಯಾರ ಜೊತೆ ಆಡುವುದು?
ಅಕ್ಕಿಯ ಡಬ್ಬಿಯ ಹಿಂದೆ ಅದು ಒಂದೂ ಪೆಟ್ಟು ತಿನ್ನದೆ
ಮುದಿಯಾಯಿತು.
ದೊಡ್ಡವನಾದ ಮೇಲೆ ಒಮ್ಮೆ
ಬೀಡುಬಲೆಗೆ ಬೆಂಡು ಒಂದು ಕಡಿಮೆ ಬಿದ್ದಿತ್ತು.
ಹರಕು ಬಲೆಯ ತುಂಡಲ್ಲಿ ಸುತ್ತಿ ಅದನ್ನೇ ಕಟ್ಟಿದೆ.
ಆ ಸಲದ ಗಾಳಿಗೆ, ಕೂರ್ಮಗಡದ ಹತ್ತಿರ,
ಬಲೆ ಕಿತ್ತುಕೊಂಡು ಹೋಯಿತು,
ಬೆಂಡು, ಚೆಂಡು ಎಲ್ಲ ಸೇರಿ.
ಹಾಗಾಗಿ ನಾನು ಕೂಗಿದ್ದು ಸುಳ್ಳಲ್ಲ.
ಸ್ವಲ್ಪ ಮುಂಚೆ ಕೂಗಿದ್ದೆ.

"ನೀನೇ ಅಲ್ಲವೇನೋ ಚೆಂಡು ತರಲು ಓಡಿದವನು?"
ಇವತ್ತು ಗಜು ನನ್ನ ಕಡೆ ತಿರುಗಿದ,
"ಹೇಳು ಮಾರಾಯ, ಎಲ್ಲಿ ಬಿತ್ತು?"
ಸೂಜಿಗಳು ನಿಂತವು.
ಉಲ್ಲಾಸ ಲೋಟದೊಳಗೆ ನೋಡುತ್ತಿದ್ದ.

"ಕೂರ್ಮಗಡ ದಾಟಿದ್ದು ಕಂಡಿದೆ," ಎಂದೆ.
"ಮುಂದಿನದು ನನಗೆ ಗೊತ್ತಿಲ್ಲ."

ಹೋ ಎಂದು ಎದ್ದ ಗದ್ದಲದಲ್ಲಿ
ಯಾರೋ ತೊಡೆ ತಟ್ಟಿದರು, ಯಾರೋ ಆಣೆ ಹಾಕಿದರು.
ಉಲ್ಲಾಸ ತನ್ನ ಚಹಾದ ಅರ್ಧ
ನನ್ನ ಬಸಿಗೆ ಸುರಿದ,
ಮುಖ ನೋಡದೆ.